ಅಗ್ಗದ ಬೋರ್ಡಿನ ನಿಜವಾದ ಬೆಲೆ

ಮುಕ್ತ ಕಾರ್ಯಾಚರಣ ವ್ಯವಸ್ಥೆಯೊಂದನ್ನು ನಡೆಸಲು ಕಡಿಮೆ ವಿದ್ಯುತ್ತಿನ ಗಣಕವನ್ನು ಆರಿಸಬೇಕಾದಾಗ ನೀವು ಏನನ್ನು ನೋಡುತ್ತೀರಿ? ಬೆಲೆ, ವೇಗ, ಸ್ಮೃತಿ - ಸಾಮಾನ್ಯವಾಗಿ ಈ ಮೂರನ್ನು. ಇವಿಷ್ಟೇ ಸಾಲವು ಎಂಬುದಕ್ಕೆ ಮೊದಲ ರಾಸ್ಪ್‌ಬೆರಿ ಪೈ ಒಳ್ಳೆಯ ನಿದರ್ಶನ. ಜನಪ್ರಿಯವಾದ ಈ ಬೋರ್ಡನ್ನು ವಿಮರ್ಶೆಯ ಕಣ್ಣಿನಿಂದ ನೋಡೋಣ.

2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ಈ ಬ್ರಿಟಿಷ್ ಬೋರ್ಡಿನ ಬೆಲೆ 35 ಡಾಲರ್. ಅದರಲ್ಲಿದ್ದುದು 700 ಮೆಗಾಹರ್ಟ್ಸ್‌ನ ಎಆರ್‌ಎಂ11 ಪ್ರೊಸೆಸರ್ ಮತ್ತು 256 ಮೆಗಾಬೈಟ್ ಸ್ಮೃತಿ. 5 ವೋಲ್ಟಿನಲ್ಲಿ 700 ಮಿಲಿಆಂಪಿಯರ್ ಎಂದರೆ 3.5 ವಾಟ್. ತಿಂಗಳಿಡೀ ಹಗಲಿರುಳು ಚಾಲೂ ಇಟ್ಟರೂ ಖರ್ಚಾಗುವುದು ಸುಮಾರು ಎರಡೂವರೆ ಯೂನಿಟ್ ವಿದ್ಯುತ್ತು. ಲೆಕ್ಕವನ್ನು ನೀವೇ ಮಾಡಿ ನೋಡಬಹುದು.

ತೊಡಕು ಇದ್ದದ್ದು ಪ್ರೊಸೆಸರಿನ ಪೀಳಿಗೆಯಲ್ಲಿ. ಎಆರ್‌ಎಂ ಆದೇಶಗಳ ಗಣಕ್ಕೆ ಆವೃತ್ತಿ ಸಂಖ್ಯೆಗಳಿವೆ. ಪೈ ಬಳಸಿದ್ದು 6ನೆಯ ಆವೃತ್ತಿಯನ್ನು. ಆಗ ಡೆಬಿಯನ್ ಯೋಜನೆ ಎಆರ್‌ಎಂಗೆ ಎರಡು ಬಗೆಯ ತಂತ್ರಾಂಶಗಳನ್ನು ಸಿದ್ಧಪಡಿಸುತ್ತಿತ್ತು. 'ಆರ್ಮ್‌ಎಚ್‌ಎಫ್' ಎಂಬುದಕ್ಕೆ 7ನೆಯ ಆವೃತ್ತಿ ಬೇಕು. ಅದರ ಕೆಲವು ಆದೇಶಗಳು ಪೈಗೆ ಅರ್ಥವೇ ಆಗುವುದಿಲ್ಲ. 'ಆರ್ಮೆಲ್' ಎಂಬುದು ಪೈ ಮೇಲೆ ನಡೆಯುತ್ತದೆ. ಆದರೆ ಅದು ದಶಮಾಂಶ ಸಂಖ್ಯೆಗಳ ಗಣಿತವನ್ನು ತಂತ್ರಾಂಶದಿಂದಲೇ ಮಾಡುತ್ತದೆ. ಪೈನಲ್ಲಿ ಈ ಕೆಲಸಕ್ಕೆಂದೇ ಇದ್ದ ಯಂತ್ರಾಂಶ ಸುಮ್ಮನೆ ಕೂತಿರುತ್ತದೆ. ಮನೆಯಲ್ಲಿ ಮಿಕ್ಸಿ ಇದ್ದೂ ಒರಳಿನಲ್ಲೇ ರುಬ್ಬಿದ ಹಾಗೆ!

ಪರಿಹಾರ? ಕೆಲವೇ ಸ್ವಯಂಸೇವಕರು ಡೆಬಿಯನ್‌ನ ಸಾವಿರಾರು ಪ್ಯಾಕೇಜುಗಳನ್ನು ಈ ಒಂದು ಪ್ರೊಸೆಸರಿಗಾಗಿ ಮತ್ತೆ ಕಂಪೈಲ್ ಮಾಡಿದರು. ಅದೇ ರಾಸ್ಪ್‌ಬಿಯನ್. 2012ರ ಜುಲೈ ಹೊತ್ತಿಗೆ ಪೈನ ಅಧಿಕೃತ ಶಿಫಾರಸು ಅದೇ ಆಯಿತು. ಈ ಶ್ರಮ ಮೆಚ್ಚಬೇಕಾದದ್ದೇ. ಆದರೆ 35 ಡಾಲರಿನ ಲೆಕ್ಕದಲ್ಲಿ ಅದು ಸೇರಿಲ್ಲ ಎಂಬುದನ್ನು ಗಮನಿಸಿ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ವಿದ್ಯುತ್ ಕೊಟ್ಟಾಗ ಪೈನಲ್ಲಿ ಮೊದಲು ಎಚ್ಚರಗೊಳ್ಳುವುದು ಎಆರ್‌ಎಂ ಅಲ್ಲ, ಅದೇ ಚಿಪ್ಪಿನಲ್ಲಿರುವ ಗ್ರಾಫಿಕ್ಸ್ ಭಾಗ. ಅದು ಎಸ್‌ಡಿ ಕಾರ್ಡಿನಿಂದ ಓದಿಕೊಳ್ಳುವ ಕಡತಗಳ ಆಕರ ಸಂಕೇತವನ್ನು ತಯಾರಕರು ಬಿಡುಗಡೆ ಮಾಡಲಿಲ್ಲ. ಲಿನಕ್ಸ್‌ಗೆ ಸರದಿ ಬರುವುದು ಆಮೇಲೆ. 2014ರ ಫೆಬ್ರವರಿಯಲ್ಲಿ ಬ್ರಾಡ್‌ಕಾಮ್ ಗ್ರಾಫಿಕ್ಸ್ ಭಾಗದ ದಾಖಲೆಗಳನ್ನು ಪ್ರಕಟಿಸಿದ್ದು ಸ್ವಾಗತಾರ್ಹ ಹೆಜ್ಜೆ. ಆ ಕಡತಗಳು ಮಾತ್ರ ಮುಚ್ಚಿಯೇ ಉಳಿದವು. ಗಣಕ ಹೇಗೆ ಶುರುವಾಗುತ್ತದೆ ಎಂದು ವಿದ್ಯಾರ್ಥಿ ಕೇಳಿದರೆ ಮೊದಲ ಪುಟವೇ ಹರಿದ ಪುಸ್ತಕವನ್ನು ಅವಳ ಕೈಗೆ ಕೊಟ್ಟಂತೆ ಆಗುವುದಿಲ್ಲವೇ?

ಇದರ ಜೊತೆಗೆ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡನ್ನು ಇಟ್ಟು ನೋಡಿ. 2013ರ ಏಪ್ರಿಲ್‌ನಲ್ಲಿ ಬಂದ ಅದರ ಬೆಲೆ 45 ಡಾಲರ್. 1 ಗಿಗಾಹರ್ಟ್ಸ್‌ನ ಕಾರ್ಟೆಕ್ಸ್-ಎ8 ಪ್ರೊಸೆಸರ್ 7ನೆಯ ಆವೃತ್ತಿಯದು. ಆರ್ಮ್‌ಎಚ್‌ಎಫ್ ತಂತ್ರಾಂಶಗಳನ್ನು ಮತ್ತೆ ಕಂಪೈಲ್ ಮಾಡಬೇಕಿಲ್ಲ. ಬೋರ್ಡಿನ ಮಂಡಲ ನಕ್ಷೆಯೂ ಚಿಪ್ಪಿನ ಸಾವಿರಾರು ಪುಟಗಳ ಕೈಪಿಡಿಯೂ ಯಾರಿಗಾದರೂ ಲಭ್ಯ. ಚಿಪ್ಪಿನಲ್ಲೇ ಅಚ್ಚಾದ ಚಿಕ್ಕ ಪ್ರೋಗ್ರಾಮನ್ನು ಬಿಟ್ಟರೆ ಆರಂಭದ ಕೆಲಸವನ್ನು ನೋಡಿಕೊಳ್ಳುವ ಯು-ಬೂಟ್ ಮುಕ್ತ ತಂತ್ರಾಂಶ. ಹಾಗೆಂದು ಇದೂ ದೋಷರಹಿತವಲ್ಲ: ಇದರ ಗ್ರಾಫಿಕ್ಸ್ ಚಾಲಕ ತಂತ್ರಾಂಶ ಮುಚ್ಚಿದ್ದೇ ಆಗಿತ್ತು.

ಹಾಗಾದರೆ ಪೈ ತಪ್ಪು ಆಯ್ಕೆಯೇ? ಹಾಗೆ ತೀರ್ಪು ಕೊಟ್ಟರೆ ಅನ್ಯಾಯವಾದೀತು. ಅಗ್ಗವಾಗಿದ್ದರಿಂದಲೇ ಅದು ಬಹಳ ಕೈಗಳನ್ನು ಸೇರಿತು. ಬಹಳ ಕೈಗಳಿದ್ದುದರಿಂದಲೇ ಕೊರತೆಗಳಿಗೆ ಪರಿಹಾರ ಹುಟ್ಟಿತು. 2015ರ ಪೈ 2 ಬೋರ್ಡಿನಲ್ಲಿ 7ನೆಯ ಆವೃತ್ತಿಯೂ ಬಂತು. ಆದರೆ ಅಷ್ಟು ಜನಬಲ ಸಿಗುವುದು ಅಪರೂಪ. ಕಡಿಮೆ ಬಳಕೆದಾರರಿರುವ ಬೋರ್ಡಿಗೆ ಸಾವಿರಾರು ಪ್ಯಾಕೇಜುಗಳನ್ನು ಯಾರು ಕಟ್ಟಿಕೊಡುತ್ತಾರೆ?

ಆದ್ದರಿಂದ ಪ್ರಯೋಗಾಲಯಕ್ಕೆ ಬೋರ್ಡು ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿ. ಸಿದ್ಧ ತಂತ್ರಾಂಶಗಳು ಈ ಪ್ರೊಸೆಸರಿನ ಆವೃತ್ತಿಗೆ ಹೊಂದುತ್ತವೆಯೇ? ಚಿಪ್ಪಿನ ಕೈಪಿಡಿ ಎಲ್ಲರಿಗೂ ಸಿಗುತ್ತದೆಯೇ? ಲಿನಕ್ಸ್‌ನ ಮುಖ್ಯ ಕರ್ನೆಲ್‌ನಲ್ಲಿ ಇದಕ್ಕೆ ಬೆಂಬಲವಿದೆಯೇ, ಇಲ್ಲ ತಯಾರಕರು ಒಮ್ಮೆ ಕೊಟ್ಟು ಕೈಬಿಟ್ಟ ಹಳೆಯ ಪ್ರತಿಯೇ ಗತಿಯೇ? ಬೆಲೆಯ ಪ್ರಶ್ನೆ ಬರಬೇಕಾದದ್ದು ಇವುಗಳ ನಂತರ.