ಹೆದೆ ಇಳಿಸದ ಬಿಲ್ಲು

ಟೂ-ಸ್ಟ್ರೋಕ್ ಇಂಜಿನ್ನಿನ ಪೆಟ್ರೋಲಿಗೆ ಎಣ್ಣೆಯನ್ನು 1:25ರಂತೆ ಬೆರೆಸತಕ್ಕದ್ದೋ 1:50ರಂತೆಯೋ ಎಂಬ ಚಿರಕಾಲದ ವಿವಾದವನ್ನು ಈ ವಾರ ಇತ್ಯರ್ಥಗೊಳಿಸುವೆನೆಂದು ಮಾತು ಕೊಟ್ಟಿದ್ದೆನು. ಅಷ್ಟರಲ್ಲಿ ಆಯುಧಪೂಜೆ ಬಂದಿತು. ಮಲೆನಾಡಿನ ಮನೆಯಂಗಳಗಳಲ್ಲಿ ಕಳೆ ಕೊಚ್ಚುವ ಯಂತ್ರವೂ ಔಷಧಿ ಹೊಡೆಯುವ ಪಂಪೂ ಮಿಂದು ಮಡಿಯಾಗಿ, ಕುಂಕುಮವನ್ನೂ ಚೆಂಡುಹೂವನ್ನೂ ಧರಿಸಿ ಕುಳಿತುದನ್ನು ಕಂಡ ಮೇಲೆ, ಎಣ್ಣೆಯ ಪ್ರಮಾಣವನ್ನು ಆಯಾ ಯಂತ್ರದ ಕೈಪಿಡಿಗೇ ಬಿಟ್ಟು, ಆ ಅಲಂಕಾರದೊಳಗೆ ಯಾರ ಕಣ್ಣಿಗೂ ಬೀಳದೆ ಟ್ಯಾಂಕಿನ ತಳದಲ್ಲಿ ಉಳಿದಿರುವ ಪೆಟ್ರೋಲಿನ ವಿಚಾರವನ್ನು ಎತ್ತಿಕೊಳ್ಳುವುದೇ ಉಚಿತವೆಂದು ತೋರಿತು.

ಕೊಳೆ ಔಷಧಿಯ ಕೊನೆಯ ಸುತ್ತು ಮುಗಿಸಿದ ಪಂಪು ಮುಂದಿನ ಮಳೆಗಾಲದವರೆಗೆ ಅಟ್ಟದ ಮೇಲಿರತಕ್ಕದ್ದು. ಅಷ್ಟು ದೀರ್ಘಕಾಲ ನಿಂತ ಪೆಟ್ರೋಲಿನ ಲಘುವಾದ ಅಂಶಗಳು ಆವಿಯಾಗಿ, ಉಳಿದುದು ಗಾಳಿಯ ಆಮ್ಲಜನಕದೊಡನೆ ಕೂಡಿ ಅಂಟಾಗಿ, ಕಾರ್ಬ್ಯುರೇಟರಿನ ಜೆಟ್ಟಿನ ಅತಿಸೂಕ್ಷ್ಮ ರಂಧ್ರವನ್ನು ಮುಚ್ಚುತ್ತದೆಂಬುದು ಈ ಅಂಕಣದ ಹಳೆಯ ಓದುಗರಿಗೆ ವಿದಿತವೇ ಆಗಿದೆ. ಈಚೆಗೆ ಸೇರಿರುವ ತೊಡಕು ಎಥೆನಾಲಿನದು. ಪೆಟ್ರೋಲಿಗೆ ಮದ್ಯಸಾರ ಬೆರೆಸುವ ವಿಚಾರಕ್ಕೆ ನಮ್ಮ ದೇಶದಲ್ಲಿ 1948ರಲ್ಲಿಯೇ ಒಂದು ಕಾನೂನಾಗಿದ್ದಿತು. ಶೇಕಡ 20ರ ಮಿಶ್ರಣವಂತೂ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಉದ್ಘಾಟಿತವಾಯಿತು. ಕಬ್ಬಿನ ರೈತನಿಗೆ ನಾಲ್ಕು ಕಾಸು ಬರುವುದಾದರೆ ಅದರ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಎಥೆನಾಲು ಗಾಳಿಯ ತೇವವನ್ನು ಹೀರುವ ದ್ರವ್ಯ. ಹೀರಿದ ನೀರು ಮಿತಿಮೀರಿದಾಗ ಅದು ನೀರಿನೊಡನೆ ಕೂಡಿ, ಪೆಟ್ರೋಲನ್ನು ತೊರೆದು ತಳಕ್ಕಿಳಿಯುತ್ತದೆ. ಇಂಧನ ಹೀರುವ ನಳಿಗೆಯ ಬಾಯಿಯೂ ತಳದಲ್ಲಿಯೇ ಇರುವುದರಿಂದ ಇಂಜಿನ್ನಿಗೆ ಮೊದಲು ದೊರೆಯುವುದು ಆ ಎಣ್ಣೆಯಿಲ್ಲದ ನೀರುಗೂಡಿದ ದ್ರವವೇ.

ಇಲ್ಲಿ ಪೂರ್ಣಪಾತ್ರ ಪಂಥದವರೊಡನೆ ನನ್ನ ಹಳೆಯ ಲೆಕ್ಕವೊಂದನ್ನು ತೀರಿಸಬೇಕಾಗಿದೆ. ಟ್ಯಾಂಕನ್ನು ಕಂಠಪೂರ್ತಿ ತುಂಬಿಟ್ಟರೆ ತೇವದ ಗಾಳಿಗೆ ಎಡೆಯಿಲ್ಲ, ಒಳಗೋಡೆಗೆ ತುಕ್ಕಿಲ್ಲ, ಡಯಾಫ್ರಮ್ಮು ಒಣಗುವುದಿಲ್ಲ ಎಂಬುದು ಅವರ ಸಿದ್ಧಾಂತ. ತಗಡಿನ ಟ್ಯಾಂಕೂ ಮದ್ಯಸಾರವಿಲ್ಲದ ಪೆಟ್ರೋಲೂ ಇದ್ದ ಕಾಲದಲ್ಲಿ ಅದಕ್ಕೆ ಅರ್ಥವಿದ್ದಿತು. ಇಂದಿನ ಕಳೆಯಂತ್ರದ ಪ್ಲಾಸ್ಟಿಕ್ ಟ್ಯಾಂಕಿಗೆ ತುಕ್ಕಿನ ಭಯವೆಲ್ಲಿಯದು? ಡಯಾಫ್ರಮ್ಮಿನ ಮಾತಿಗೆ ಕೈಪಿಡಿಗಳೇ ಉತ್ತರ ಕೊಟ್ಟಿವೆ: ಅದು ಅಂಟಿಕೊಳ್ಳಬಾರದೆಂಬ ಕಾರಣಕ್ಕಾಗಿಯೇ ಕಾರ್ಬ್ಯುರೇಟರನ್ನು ಒಣಗಿಸಿಡಬೇಕೆಂಬುದು ಅವುಗಳ ವಿಧಿ.

ಈ ವಿಷಯದಲ್ಲಿ ನನಗೆ ಕೈಪಿಡಿಗಿಂತಲೂ ಪ್ರಿಯವಾದ ಪ್ರಮಾಣಗ್ರಂಥವೆಂದರೆ ವ್ಯಾಸಭಾರತದ ವಿರಾಟಪರ್ವ. ದಸರೆಯಲ್ಲಿ ಬನ್ನಿ ಹಂಚುವ ನಾವು ಪಾಂಡವರು ಶಮೀವೃಕ್ಷದಲ್ಲಿ ಆಯುಧಗಳನ್ನಿಟ್ಟರೆಂಬಷ್ಟನ್ನು ನೆನೆದು ಸುಮ್ಮನಾಗುತ್ತೇವೆ, ಹೇಗಿಟ್ಟರೆಂಬುದನ್ನು ವಿಚಾರಿಸುವುದಿಲ್ಲ. ಅಜ್ಞಾತವಾಸಕ್ಕೆ ಹೊರಟವರ ಆತುರದಲ್ಲಿಯೂ ಆ ವೀರರು ಒಬ್ಬೊಬ್ಬರಾಗಿ ತಮ್ಮ ಬಿಲ್ಲಿನ ಹೆದೆಯನ್ನು ಬಿಚ್ಚಿದರೆಂದು ಕವಿ ಮರೆಯದೆ ಹೇಳುತ್ತಾನೆ. ಅನಂತರ ನಕುಲನು ಮರವನ್ನೇರಿ, ಮಳೆಯ ನೀರು ತಾಗದ ಎಡೆಯನ್ನು ಆರಿಸಿ, ಅವನ್ನು ದೃಢವಾದ ಹಗ್ಗಗಳಿಂದ ಬಿಗಿಯುತ್ತಾನೆ; ಜನರು ಹತ್ತಿರ ಸುಳಿಯದಿರಲೆಂದು ಒಂದು ಶವವನ್ನೂ ಅಲ್ಲಿ ತೂಗಹಾಕುತ್ತಾರೆ. ನಮ್ಮ ಅಟ್ಟಗಳಲ್ಲಿ ಆ ಕೆಲಸವನ್ನು ಹಳಸಿದ ಪೆಟ್ರೋಲಿನ ದುರ್ಗಂಧವೇ ನಿರ್ವಹಿಸುತ್ತಿದೆ. ವರ್ಷಾಂತ್ಯದಲ್ಲಿ ಉತ್ತರಕುಮಾರನಿಂದ ಇಳಿಸಿಕೊಂಡ ಗಾಂಡೀವಕ್ಕೆ ಹೆದೆಯೇರಿಸಿದೊಡನೆ ಅದು ಮೊಳಗಿತಾದರೆ, ಅದಕ್ಕೆ ದೈವಬಲದೊಡನೆ ಈ ಜೋಪಾನವೂ ಕಾರಣವೆಂದೇ ನನ್ನ ಮತ. ಟ್ಯಾಂಕಿನಲ್ಲಿ ಪೆಟ್ರೋಲು ಉಳಿದ ಯಂತ್ರವು ಹೆದೆ ಇಳಿಸದ ಬಿಲ್ಲು.

ವಿಧಾನ ಸರಳವಾದುದು. ಇಂಜಿನ್ನು ತಣಿದ ಮೇಲೆ, ಬೆಂಕಿಯಿಂದ ದೂರ, ಬಯಲಿನಲ್ಲಿ ಟ್ಯಾಂಕನ್ನು ಬರಿದುಮಾಡಿರಿ. ಬಳಿಕ ಯಂತ್ರವನ್ನು ಚಾಲೂ ಮಾಡಿ, ತಾನಾಗಿಯೇ ನಿಲ್ಲುವವರೆಗೆ ನಿಧಾನಗತಿಯಲ್ಲಿ ಓಡಲು ಬಿಡಿರಿ. ಫೋರ್-ಸ್ಟ್ರೋಕ್ ಪಂಪಾದರೆ ಕಾರ್ಬ್ಯುರೇಟರಿನ ಬಟ್ಟಲಿನಡಿಯ ತಿರುಪನ್ನು ಸಡಿಲಿಸಿ ಶೇಷವನ್ನೂ ಹೊರಬಿಡಿರಿ. ಟ್ಯಾಂಕು ತಗಡಿನದಾದರೆ ಒಳಮೈಗೆ ತೆಳುವಾಗಿ ಎಣ್ಣೆ ಸವರಿರಿ. ಪ್ಲಗ್ಗನ್ನು ಬಿಚ್ಚಿ, ಸಿಲಿಂಡರಿನೊಳಕ್ಕೆ ಕೆಲವು ಹನಿ ಇಂಜಿನ್ ಆಯಿಲನ್ನು ಬಿಟ್ಟು, ಹಗ್ಗವನ್ನು ಮೆಲ್ಲನೆ ಎಳೆದು ಹರಡಿ, ಪ್ಲಗ್ಗನ್ನು ಮತ್ತೆ ಕೂಡಿಸಿರಿ. ಹೊರತೆಗೆದ ಎಣ್ಣೆಮಿಶ್ರಿತ ಪೆಟ್ರೋಲನ್ನು ಸ್ಕೂಟರಿಗೆ ಹಾಕಬೇಡಿರಿ. ಇನ್ನೂ ಕಳೆ ಹೊಡೆಯುತ್ತಿರುವ ನೆರೆಯವರ ಯಂತ್ರಕ್ಕೆ ಅದು ಈ ವಾರವೇ ಉಪಯೋಗವಾದೀತು. ಕಡೆಗೆ ಅಟ್ಟಕ್ಕೇರಿಸುವ ಮುನ್ನ ಚೋಕು ಹಾಕಿ ಹಗ್ಗವನ್ನೊಮ್ಮೆ ಎಳೆದು ನೋಡಿರಿ: ಇಂಜಿನ್ನು ಒಂದು ಸಲ ಗುಡುಗಿದರೂ ಒಳಗೆ ಪೆಟ್ರೋಲಿದೆ, ನಿಮ್ಮ ಕೆಲಸ ಮುಗಿದಿಲ್ಲ.