ನೆಲೆಸಿಗನಾರು, ಮೂಲನಿವಾಸಿಯಾರು? ಶರಾವತಿ ಸೀಮೆಯ ದೃಷ್ಟಿಯಿಂದ ಒಂದು ವಿಮರ್ಶೆ

ಹೊರಗಿನಿಂದ ಬಂದವರು ಮೂಲನಿವಾಸಿಗಳನ್ನು ದುಡಿಸಿಕೊಳ್ಳುವುದಕ್ಕಿಂತ ಅವರನ್ನು ತೆರವುಗೊಳಿಸಿ ಆ ನೆಲದಲ್ಲಿ ತಾವೇ ನೆಲೆಯೂರುವ ಬಗೆಯನ್ನು 'ನೆಲೆಸಿಗ ವಸಾಹತುಶಾಹಿ' ಎನ್ನಬಹುದು. ಆಸ್ಟ್ರೇಲಿಯದ ವಿದ್ವಾಂಸ ಪ್ಯಾಟ್ರಿಕ್ ವುಲ್ಫರು 2006ರ ಪ್ರಬಂಧವೊಂದರಲ್ಲಿ, ಇದು ಒಮ್ಮೆ ನಡೆದು ಮುಗಿದ ಘಟನೆಯಲ್ಲ, ಮುಂದುವರಿಯುತ್ತಿರುವ ವ್ಯವಸ್ಥೆಯೆಂದು ಪ್ರತಿಪಾದಿಸಿದರು. ಮಹಮೂದ್ ಮಮ್ದಾನಿಯವರಾದರೋ 2020ರ ತಮ್ಮ ಗ್ರಂಥದಲ್ಲಿ, ನೆಲೆಸಿಗ, ಮೂಲನಿವಾಸಿ ಎಂಬ ಭೇದವೇ ರಾಜ್ಯವ್ಯವಸ್ಥೆಯ ನಿರ್ಮಾಣವೆಂದು ವಾದಿಸಿದರು. ಈ ಎರಡು ಮತಗಳನ್ನೂ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅನುಭವದಲ್ಲಿ ಒರೆಹಚ್ಚಿ ನೋಡುವುದು ನಮ್ಮ ಉದ್ದೇಶ.

ಮೊದಲಿಗೆ ಕಾಗೋಡಿನ ವಿಚಾರ. 1951ರ ಸತ್ಯಾಗ್ರಹದಲ್ಲಿ ಗೇಣಿದಾರರ ಒಂದು ಮುಖ್ಯ ದೂರು ಗೇಣಿ ಅಳೆಯುವ ಕೊಳಗದ ಗಾತ್ರವನ್ನು ಕುರಿತದ್ದು. ಒಡೆಯನಿಗೆ ನೆಲವೊಂದೇ ಸಾಲದು, ಉಳುವವನೂ ಬೇಕು. ಒಬ್ಬನನ್ನು ಬಿಡಿಸಿದರೂ ಆ ಗದ್ದೆಗೆ ಇನ್ನೊಬ್ಬನು ಬೇಕಾಗುತ್ತಿದ್ದನು. ಅಲ್ಲಿದ್ದುದು ಶೋಷಣೆ, ನಿರ್ಮೂಲನವಲ್ಲ. ಅದಕ್ಕೆ ಈ ಹೆಸರು ಸಲ್ಲದು.

ಲಿಂಗನಮಕ್ಕಿಯ ಪ್ರಶ್ನೆ ಬೇರೆ. 1964ರಲ್ಲಿ ಮುಗಿದ ಆ ಅಣೆಕಟ್ಟಿಗೆ ಸಾಗರ, ಹೊಸನಗರಗಳ ಕಣಿವೆಯ ನೆಲ ಬೇಕಾಗಿತ್ತು, ಜನ ಬೇಕಾಗಿರಲಿಲ್ಲ. ವುಲ್ಫರು ಹೇಳುವ ಲಕ್ಷಣ ಇಲ್ಲಿ ಅರ್ಧ ಹೊಂದುತ್ತದೆ. ಆದರೆ ಎಬ್ಬಿಸಿದವರು ಪರಕೀಯರಲ್ಲ, ಸ್ವಂತ ಸರ್ಕಾರದವರು; ಎದ್ದುಹೋದವರಲ್ಲಿ ಅನೇಕರು ತೀರ್ಥಹಳ್ಳಿಯೇ ಮೊದಲಾದ ತಾಲ್ಲೂಕುಗಳ ಕಾಡಿನಲ್ಲಿ ತಾವೇ ನೆಲೆಸಿಗರಾದರು. ನಾ. ಡಿಸೋಜರ 'ದ್ವೀಪ' ನೀರು ಏರುವಾಗಿನ ಸಂಕಟವನ್ನು ಚಿತ್ರಿಸುತ್ತದೆ. ಹಕ್ಕುಪತ್ರದ ಸಂಕಟ ನೀರು ನಿಂತ ಮೇಲೆ ಆರಂಭವಾಯಿತು.

2006ರ ಅರಣ್ಯ ಹಕ್ಕು ಕಾಯಿದೆಯನ್ನು ನೋಡಿರಿ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. 1964ರ ಸುಮಾರಿಗೆ ಕಾಡು ಸೇರಿದವರಿಗೆ ಆ ದಿನಕ್ಕೆ ಆಗಿದ್ದುದು ಸುಮಾರು 41 ವರ್ಷ. ಹೀಗೆ ರಾಜ್ಯವೇ ಮುಳುಗಿಸಿ ಕಳುಹಿಸಿದವನು ಶಾಸನದ ಕಣ್ಣಿಗೆ ಹೊರಗಿನವನಾದನು. ಮಮ್ದಾನಿಯವರ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಆದರೂ ಭೇದವೆಲ್ಲ ಕೃತಕವೆಂದು ತಳ್ಳಿಹಾಕುವುದನ್ನು ನಾವು ಒಪ್ಪಲಾರೆವು. ಹಾಗೆ ಮಾಡಿದರೆ ಪರಿಶಿಷ್ಟ ಪಂಗಡದವರಾದ ಹಸಲರಿಗೆ ಕಾಡಿನ ಮೇಲಿರುವ ಹಳೆಯ ಹಕ್ಕೂ ಅದರೊಡನೆ ಕೊಚ್ಚಿಹೋದೀತು. ಮುಳುಗಡೆಯವರ ನ್ಯಾಯ ಹಸಲರ ಹಕ್ಕನ್ನು ಅಳಿಸಿ ದೊರೆಯತಕ್ಕದ್ದಲ್ಲ. ಆದುದರಿಂದ ಬಂದವನಾರೆಂದು ಕೇಳುವ ಮುನ್ನ, ಅವನನ್ನು ಕಳುಹಿಸಿದವರಾರೆಂದು ಕೇಳುವುದು ನಮ್ಮ ವಿದ್ಯಾರ್ಥಿಗಳಿಗೆ ಉಚಿತವಾದ ಕ್ರಮ.