ಚೈನಿಗಿಂತ ಮೊದಲು ಸಲಿಕೆ

ಮನ್ನಾಏಖೇಳ್ಳಿಯಿಂದ ಹುಮನಾಬಾದಿನತ್ತ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹೋಗುವಾಗ ಮಣ್ಣಿನ ನೆನಪೇ ಆಗುವುದಿಲ್ಲ. ಬಸವಕಲ್ಯಾಣದ ಕಡೆಯ ಎರೆಹೊಲಕ್ಕೆ ಇಳಿದರೆ ಮಾತು ಬೇರೆ. ಎರೆಮಣ್ಣು ನೀರು ಕುಡಿದು ಉಬ್ಬಿತೆಂದರೆ ಕಬ್ಬಿನ ಟ್ರಾಲಿಗೂ ನಾಲ್ಕು ಗಾಲಿ ತಿರುಗುವ ಥಾರ್‌ಗೂ ಒಂದೇ ಗತಿ. ಆಗ ಇನ್ನೊಂದು ಟ್ರ್ಯಾಕ್ಟರ್ ಬರುತ್ತದೆ, ಚೈನು ಬರುತ್ತದೆ, ಜನ ಸೇರುತ್ತಾರೆ.

ಚೈನಿನ ಬಗ್ಗೆ ನನ್ನ ತಕರಾರಿಲ್ಲ. ಸಡಿಲು ತೆಗೆದು, ಸಣ್ಣ ಗೇರಿನಲ್ಲಿ ಮೆಲ್ಲಗೆ ಜಗ್ಗಿದರೆ ಅದು ನಂಬಿಗಸ್ತ ಸಾಧನ. ಕೆಡುವುದು ಒಂದು ಸಲಕ್ಕೆ ಗಾಡಿ ಬರದಿದ್ದಾಗ. ಯಾರೋ "ಝಟಕಾ ಕೊಡು" ಅನ್ನುತ್ತಾರೆ. ಟ್ರ್ಯಾಕ್ಟರ್ ಹಿಂದೆ ಸರಿದು ಮುನ್ನುಗ್ಗುತ್ತದೆ. ಹಿಗ್ಗಲು ಬಾರದ ಚೈನು ಆ ಹೊಡೆತವನ್ನೆಲ್ಲ ದುರ್ಬಲ ಕೊಂಡಿಗೋ ಬಂಪರಿನ ಬೋಲ್ಟಿಗೋ ದಾಟಿಸುತ್ತದೆ. ಕಿತ್ತ ಕಬ್ಬಿಣ ಹಾರುವುದು ಹೆಚ್ಚಾಗಿ ಚೈನಿನ ನೇರಕ್ಕೇ. ಡ್ರೈವರ್ ಕೂತಿರುವುದೂ ಅದೇ ನೇರಕ್ಕೆ.

ಝಟಕಾಕ್ಕೆಂದೇ ಮಾಡಿದ್ದು ನೈಲಾನ್ ಬೆಲ್ಟು. ಶೇ. 20-30ರಷ್ಟು ಹಿಗ್ಗಿ, ಹೊಡೆತವನ್ನು ಎಳೆತವಾಗಿಸುತ್ತದೆ. ಜೀಪಿನ ಹೊಸ ಹುಡುಗರು ಅದನ್ನು ಹೊಗಳುವುದು ಅರ್ಧ ಮಾತ್ರ ಸರಿ. ಹಿಗ್ಗಿದ ಬೆಲ್ಟು ಬಿಗಿಹಿಡಿದ ಕವಣೆ: ಕೊಂಡಿ ಕಿತ್ತರೆ ಕಬ್ಬಿಣವನ್ನೇ ಎಸೆಯುತ್ತದೆ. ಟ್ರೇಲರ್ ಕಟ್ಟುವ ಗುಂಡಿಗೆ ಬೆಲ್ಟು ಸಿಕ್ಕಿಸಿ, ಆ ಗುಂಡೇ ಮುರಿದು ಬಡಿದು ಆಸ್ಟ್ರೇಲಿಯಾದಲ್ಲಿ ಜನ ಸತ್ತಿದ್ದಾರೆ. ಜಗ್ಗುವ ಗಾಡಿಯ ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟು ಎನ್ನುವುದು ಶಾಲೆಯ ಪಾಠವೇ. ಇನ್ನೊಂದು ಗೊಂದಲ ಅಂಗಡಿಯದು. ಗಾಡಿ ಎಳೆದೊಯ್ಯುವ ಪಾಲಿಯೆಸ್ಟರ್ ಬೆಲ್ಟು ನೋಡಲು ನೈಲಾನಿನಂತೆಯೇ ಇರುತ್ತದೆ, ಹಿಗ್ಗುವುದು ಮಾತ್ರ ತೀರ ಕಡಿಮೆ. ಚೀಟಿ ಓದಿ ಕೊಳ್ಳಬೇಕು. ಹರಿದ ಬೆಲ್ಟಿಗೆ ಗಂಟು ಹಾಕಿದರೆ ಅದರ ಬಲ ಅರ್ಧಕ್ಕೆ ಇಳಿಯಬಹುದು.

ಎಲ್ಲಕ್ಕಿಂತ ಕೆಟ್ಟ ರೂಢಿ ಬೇರೆಯೇ ಇದೆ. ಜಗ್ಗುವ ಟ್ರ್ಯಾಕ್ಟರಿನ ಮೂತಿ ಏಳುತ್ತದೆಂದು ಮುಂದಿನ ಬಂಪರಿನ ಮೇಲೆ ಹುಡುಗರನ್ನು ನಿಲ್ಲಿಸುವುದು! ಮೂತಿ ಏಳುವುದು ಚೈನನ್ನು ಮೇಲೆ ಕಟ್ಟಿದ್ದಕ್ಕೆ. ಹಿಂದಿನ ಗಾಲಿ ಮಣ್ಣಿನಲ್ಲಿ ಕಚ್ಚಿಕೊಂಡಾಗ ಎಂಜಿನ್ನಿನ ಬಲ ಗಾಲಿ ತಿರುಗಿಸುವ ಬದಲು ಟ್ರ್ಯಾಕ್ಟರನ್ನೇ ಎತ್ತುತ್ತದೆ. ಹಿಂದಕ್ಕೆ ಮಗುಚಲು ಎರಡು ಸೆಕೆಂಡು ಸಾಕು, ಕ್ಲಚ್ ಒತ್ತುವ ಪುರುಸೊತ್ತೂ ಸಿಗುವುದಿಲ್ಲ. ಹಿಂದೆ ಕೆಳಗಿರುವ ಡ್ರಾಬಾರಿಗೇ ಕಟ್ಟಿದರೆ ಈ ಸರ್ಕಸ್ಸು ಬೇಕಾಗುವುದಿಲ್ಲ.

ಅಸಲಿಗೆ ಮೊದಲು ಬೇಕಾದದ್ದು ಸಲಿಕೆ. ಗಾಲಿಯ ಮುಂದಿನ ಮಣ್ಣು ತೆಗೆದು, ಕಬ್ಬಿನ ರವದಿ ತುರುಕಿ, ಟ್ರಾಲಿಯ ಭಾರ ಇಳಿಸಿದರೆ ಎಷ್ಟೋ ಸಲ ಝಟಕಾದ ಮಾತೇ ಬರುವುದಿಲ್ಲ. ಭಾರ ಇಳಿಸಲು ಯಾರಿಗೂ ಮನಸ್ಸಿಲ್ಲ, ಅದು ಬೇರೆ ವಿಷಯ.

ಜಗ್ಗಲೇಬೇಕಾದರೆ ಚೈನಿನ ನಡುವೆ ಒದ್ದೆ ಗೋಣಿಚೀಲ ಹೊದಿಸಿ; ಹರಿದರೆ ಹಾರುವ ರಭಸ ತಗ್ಗುತ್ತದೆ. ನೋಡಲು ಬಂದವರನ್ನು ಚೈನಿನ ಉದ್ದದ ಒಂದೂವರೆಪಟ್ಟು ದೂರ, ಪಕ್ಕಕ್ಕೆ ನಿಲ್ಲಿಸಿ. ಬಂಪರಿನ ಮೇಲಿನ ಹುಡುಗರನ್ನು ಮೊದಲು ಕೆಳಗಿಳಿಸಿ.